ಕಾಮಾಲೆ ಬಂದಿದ್ದನ್ನು ಹೇಳದೇ ಇದ್ದರೆ ಆಯ್ತಲ್ವಾ?

ಅರಸೀಕೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಊರಿನ ರಕ್ತದಾನ ಶಿಬಿರಕ್ಕೆ ಹೋಗಿದ್ದೆ. ಕಾಮಾಲೆ ಬಂದಿತ್ತಾ ಎಂದು ಕೇಳಿದರು. ಒಂಬತ್ತನೇ ಕ್ಲಾಸಿನಲ್ಲಿ ಬಂದಿತ್ತು ಎಂದೆ. ಗೆಳೆಯರ ಎದುರೇ ವಾಪಸ್ ಕಳಿಸಿದರು. ಹೇಗೂ ರಕ್ತವನ್ನು ಟೆಸ್ಟ್ ಮಾಡುತ್ತಾರಲ್ಲ, ಮತ್ತೆ ಈ ಪ್ರಶ್ನೆ ಯಾಕೆ? ಮುಂದಿನ ಸಲ ಹೇಳದೇ ಇದ್ದರೆ ಆಯ್ತಲ್ವಾ?"

ಆಗಲ್ಲ. ದಯವಿಟ್ಟು ಹೇಳಿ. ಟೆಸ್ಟ್ ಮೇಲೆ ನಿಮಗಿರುವಷ್ಟು ನಂಬಿಕೆ ಟೆಸ್ಟ್ ಮಾಡುವವರಿಗೇ ಇರುವುದಿಲ್ಲ.

ಕಾಮಾಲೆಗೆ ಒಂದು ಮುಖ್ಯ ಕಾರಣ ಹೆಪಟೈಟಿಸ್, ಅಂದರೆ ವೈರಸ್‌ನಿಂದ ಬರುವ ಲಿವರ್ ಊತ. ಆ ವೈರಸ್‌ಗಳಲ್ಲಿ ಬಿ ಮತ್ತು ಸಿ ರಕ್ತದಿಂದ ಹರಡುತ್ತವೆ. ಸೋಂಕು ತಗುಲಿದ ತಕ್ಷಣ ಅದು ಟೆಸ್ಟಿನಲ್ಲಿ ಕಾಣಿಸುವುದಿಲ್ಲ. ಹೆಪಟೈಟಿಸ್ ಸಿ ಟೆಸ್ಟ್ ಹುಡುಕುವುದು ಮುಖ್ಯವಾಗಿ ವೈರಸ್ಸನ್ನಲ್ಲ, ಅದರ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯವನ್ನು. ಅದು ಮೂಡಲು ಎಂಟು ಹತ್ತು ವಾರ ಬೇಕಾಗಬಹುದು. ಅಷ್ಟು ದಿನ ರಕ್ತದಲ್ಲಿ ವೈರಸ್ ಇದ್ದರೂ ರಿಪೋರ್ಟ್ ಮಾತ್ರ ನೆಗೆಟಿವ್. ಹಚ್ಚೆಯ ಸೂಜಿಯಿಂದಲೂ ಸೋಂಕು ತಗುಲಬಹುದು, ಹಚ್ಚೆ ಹಾಕಿಸಿಕೊಂಡವರನ್ನು ಒಂದು ವರ್ಷ ದೂರ ಇಡುವುದು ಇದಕ್ಕೇ. ಬಿ ವೈರಸ್ಸಿನದು ಇನ್ನೊಂದು ಕಳ್ಳಾಟ. ಕೆಲವರಲ್ಲಿ ಅದು ವರ್ಷಗಟ್ಟಲೆ ಲಿವರ್‌ನಲ್ಲಿ ಅಡಗಿ ಕೂತಿರುತ್ತದೆ. ರಕ್ತದಲ್ಲಿ ಎಷ್ಟು ಕಡಿಮೆ ಇರುತ್ತದೆ ಎಂದರೆ ಮಾಮೂಲಿ ಟೆಸ್ಟಿಗೆ ಸಿಗುವುದೇ ಇಲ್ಲ. ನ್ಯಾಟ್ ಎಂಬ ಹೊಸ ಟೆಸ್ಟ್ ವೈರಸ್ಸನ್ನೇ ಹುಡುಕುತ್ತದೆ, ನಿಜ. ಆದರೆ ಅದು ದುಬಾರಿ, ಎಲ್ಲ ರಕ್ತನಿಧಿಗಳಲ್ಲೂ ಇಲ್ಲ.

ಒಂದು ಹಳೇ ಕಥೆ ಹೇಳುತ್ತೇನೆ. 1960ರ ದಶಕ, ಅಮೆರಿಕದ ಬೆಥೆಸ್ಡಾ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡು ರಕ್ತ ಪಡೆದವರಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರಿಗೆ ಹೆಪಟೈಟಿಸ್ ಬರುತ್ತಿತ್ತು. ಹೃದಯ ರಿಪೇರಿಯಾಯಿತು, ಲಿವರ್ ಕೆಟ್ಟಿತು. ಆಗ ರಕ್ತದ ದೊಡ್ಡ ಪಾಲು ದುಡ್ಡಿಗೆ ಮಾರುವವರಿಂದ ಬರುತ್ತಿತ್ತು. ಅಲ್ಲಿನ ವೈದ್ಯ ಹಾರ್ವಿ ಆಲ್ಟರ್ ಮತ್ತು ಜೊತೆಗಾರರು ರೋಗಿಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಲೆಕ್ಕ ಹಾಕಿದರು. ಕೊಂಡ ರಕ್ತ ಪಡೆದವರಿಗೇ ಕಾಯಿಲೆ ಜಾಸ್ತಿ! 1970ರಲ್ಲಿ ಆ ಸಂಸ್ಥೆ ರಕ್ತ ಕೊಳ್ಳುವುದು ನಿಂತಿತು. ಅದೇ ಹೊತ್ತಿಗೆ ಬಿ ವೈರಸ್ಸಿನ ಮೊದಲ ಟೆಸ್ಟೂ ಬಂತು. ಮೂವರಲ್ಲಿ ಒಬ್ಬರಿದ್ದದ್ದು ಹತ್ತರಲ್ಲಿ ಒಬ್ಬರಿಗೆ ಇಳಿಯಿತು. ಆ ಇಳಿಕೆಯ ದೊಡ್ಡ ಪಾಲು ಟೆಸ್ಟಿನದಲ್ಲ, ರಕ್ತ ಕೊಡುವವರನ್ನು ಬದಲಾಯಿಸಿದ್ದರದು.

ದುಡ್ಡು ಬೇಕಾದವನು ತನ್ನ ಕಾಯಿಲೆ ಹೇಳುತ್ತಾನಾ? ಹೇಳಿದರೆ ದುಡ್ಡು ಸಿಗಲ್ಲ. ಅಷ್ಟೇ ವಿಷಯ.

ಉಳಿದ ಹತ್ತರಲ್ಲಿ ಒಬ್ಬರ ಕಾಯಿಲೆ ಬಹುಪಾಲು ಹೆಪಟೈಟಿಸ್ ಎ ಅಲ್ಲ, ಬಿ ಕೂಡ ಅಲ್ಲ ಎಂದು 1975ರಲ್ಲಿ ಗೊತ್ತಾಯಿತು. 'ಎ ಅಲ್ಲದ ಬಿ ಅಲ್ಲದ' ಎಂದೇ ಹೆಸರಿಟ್ಟರು. (ಹೆಸರಿಡುವುದರಲ್ಲಿ ವೈದ್ಯರು ಕವಿಗಳಲ್ಲ ಬಿಡಿ.) ಆಲ್ಟರ್ ರಕ್ತದ ಸ್ಯಾಂಪಲ್‌ಗಳನ್ನು ಫ್ರೀಜರ್‌ನಲ್ಲಿಟ್ಟು ಕಾದರು. ಈ ಕಾಯಿಲೆಗೆ ಟೆಸ್ಟ್ ಸಿಕ್ಕಿತು ಎಂದವರಿಗೆಲ್ಲ ಗುರುತು ಮರೆಮಾಡಿದ ಸ್ಯಾಂಪಲ್ ಕಳಿಸುವುದು, ಅವರು ಫೇಲಾಗುವುದು, ಇದೇ ನಡೆಯಿತು. 1989ರಲ್ಲಿ ಮೈಕೆಲ್ ಹೌಟನ್ ತಂಡ ಹೆಪಟೈಟಿಸ್ ಸಿ ಪತ್ತೆ ಮಾಡಿ ಆ ಪರೀಕ್ಷೆಯಲ್ಲಿ ಪಾಸಾಯಿತು. 2020ರಲ್ಲಿ ಆಲ್ಟರ್, ಹೌಟನ್ ಮತ್ತು ಇದೇ ವೈರಸ್ ಮೇಲೆ ಕೆಲಸ ಮಾಡಿದ ಚಾರ್ಲ್ಸ್ ರೈಸ್ ಅವರಿಗೆ ನೊಬೆಲ್ ಬಂತು. 1975ರಿಂದ 1989ರವರೆಗಿನ ಆ 14 ವರ್ಷ ಈ ವೈರಸ್ಸಿಗೆಂದೇ ಒಂದು ಟೆಸ್ಟ್ ಇರಲಿಲ್ಲ. ರಕ್ತ ಕೊಡುವವರ ಬಾಯಿಮಾತೇ ದೊಡ್ಡ ಜರಡಿ. ನಮ್ಮಲ್ಲಿ ಸಿ ಟೆಸ್ಟ್ ಕಡ್ಡಾಯವಾಗಿದ್ದು 2001ರಲ್ಲಿ.

ರಕ್ತ ಮಾರುವುದು ನಮ್ಮಲ್ಲಿ ನಿಂತಿದ್ದು ಸುಪ್ರೀಂ ಕೋರ್ಟ್ ತೀರ್ಪಿನಿಂದ, 1998ರ ಜನವರಿ 1ರಿಂದ. ಆದರೆ 'ಒಂದು ಬಾಟಲಿಗೆ ಬದಲು ಒಂದು ಬಾಟಲಿ ತನ್ನಿ' ಎಂಬ ಪದ್ಧತಿ ಪೂರ್ತಿ ಹೋಗಿಲ್ಲ. ಭಾವನ ಆಪರೇಷನ್, ನೆಂಟರೆಲ್ಲ ನಿಮ್ಮ ಮುಖ ನೋಡುತ್ತಿದ್ದಾರೆ. ಆಗ ಹಳೇ ಕಾಯಿಲೆ ನೆನಪಾದರೂ ಬಾಯಿ ಬರಲ್ಲ. ನನಗೆ ಹೆಚ್ಚು ಭಯ ಇದರದ್ದೇ.

ಈಗ ನಿಮ್ಮ ಕಾಮಾಲೆ. ಮಕ್ಕಳಿಗೆ ಬರುವುದು ಹೆಚ್ಚಾಗಿ ನೀರು, ಊಟದಿಂದ ಬರುವ ಎ ಅಥವಾ ಇ. ಅದು ವಾಸಿಯಾಗಿ ಹೋಗುತ್ತದೆ. ಎ ಅಥವಾ ಇ ಎಂದು ಖಚಿತವಾಗಿದ್ದರೆ 12 ತಿಂಗಳ ನಂತರ ರಕ್ತ ಕೊಡಬಹುದು. ಬಿ, ಸಿ ಬಂದಿದ್ದರೆ ಎಂದಿಗೂ ಕೊಡುವಂತಿಲ್ಲ. ಯಾವುದು ಎಂದೇ ಗೊತ್ತಿಲ್ಲದಿದ್ದರೂ ಕೊಡುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕುಡಿಸಿ, ಪಥ್ಯ ಮಾಡಿಸಿ ಬಿಡುತ್ತಾರೆ. ಯಾವ ವೈರಸ್ ಎಂದು ನೋಡಿದವರು ಯಾರು? ನಿಮ್ಮ ಮನೆಯಲ್ಲಿ ಆಗಿನ ಚೀಟಿ, ರಿಪೋರ್ಟ್ ಏನಾದರೂ ಇದ್ದರೆ ಹುಡುಕಿ, ರಕ್ತನಿಧಿಯ ವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ಬಿ ಮತ್ತು ಸಿ ಟೆಸ್ಟ್ ಮಾಡಿಸಿ. ರಕ್ತ ಕೊಡುವುದಕ್ಕಲ್ಲ, ನಿಮಗಾಗಿ. ಸಿ ಇದ್ದರೆ ಸುಮಾರು ಮೂರು ತಿಂಗಳ ಮಾತ್ರೆಯಲ್ಲಿ ಬಹುತೇಕ ವಾಸಿಯಾಗುತ್ತದೆ. ಬಿ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಬಹುದು.

ಒಂದು ಬಾಟಲಿ ರಕ್ತವನ್ನು ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರೆ ಮಾಡಿ ಮೂವರಿಗೆ ಕೊಡುತ್ತಾರೆ. ಅದರಲ್ಲಿ ತಿಂಗಳಿಗೆ ಎರಡು ಸಲ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಮಗುವೂ ಇರಬಹುದು. ನೀವು 'ಬಂದಿತ್ತು' ಎಂದಾಗ ಅವರನ್ನು ಕಾಪಾಡಿದಿರಿ.

ಆದರೆ ಒಂದು ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎಲ್ಲರೆದುರು ಕೇಳಿದ್ದು ತಪ್ಪು. ಪಕ್ಕದಲ್ಲಿ ಗೆಳೆಯ ನಿಂತಿದ್ದರೆ ಯಾರು ತಾನೇ ನಿಜ ಹೇಳುತ್ತಾರೆ? ಮುಂದಿನ ಶಿಬಿರಕ್ಕೆ ನೀವು ರಕ್ತ ಕೊಡಲಾಗದಿದ್ದರೂ ಹೋಗಿ. ಪ್ರಶ್ನೆ ಕೇಳುವ ಮೇಜನ್ನು ಒಂದು ಮೂಲೆಗೆ ಹಾಕಿಸಿ. ಒಂದು ಹಗ್ಗ, ಎರಡು ಹಳೇ ಬೆಡ್‌ಶೀಟ್ ಇದ್ದರೆ ಸಾಕು.

– ಸಂ.