ಮನೆ ಅಲ್ಲೇ ಇದೆ, ಕ್ಷೇತ್ರ ಬದಲಾಯಿತು

ಇಂಗ್ಲೆಂಡಿನ ಚುನಾವಣೆ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕ್ಷೇತ್ರಗಳ ಗಡಿಯದ್ದೇ. ನಾನು ಹದಿನಾರು ವರ್ಷದಿಂದ ವಿಲ್ಟ್‌ಶೈರ್ ಕೌಂಟಿಯ ರೌಟನ್ ಎಂಬ ಹಳ್ಳಿಯಲ್ಲಿದ್ದೇನೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಸ್ವಿಂಡನ್ ಪಟ್ಟಣದ ಮಗ್ಗುಲಲ್ಲೇ ಇರುವ ಊರು. ಹಾಗಾಗಿ ಇಡೀ ಇಂಗ್ಲೆಂಡ್ ಬಿಟ್ಟು, ಓಡಾಡಿ ಗೊತ್ತಿರುವ ಈ ಒಂದು ಕೌಂಟಿಯನ್ನೇ ಇಟ್ಟುಕೊಂಡು ಉತ್ತರಿಸುತ್ತೇನೆ.

ಪ್ರಶ್ನೆ: ನನ್ನ ಮಗಳು ನಿಮ್ಮ ಕಡೆಯೇ ಇರೋದು. 2019ರಲ್ಲಿ ಅವಳ ಮನೆ ಸೌತ್ ಸ್ವಿಂಡನ್ ಕ್ಷೇತ್ರದಲ್ಲಿತ್ತು. 2024ರಲ್ಲಿ ಈಸ್ಟ್ ವಿಲ್ಟ್‌ಶೈರ್ ಅಂತೆ. ಮನೆ ಬದಲಿಸಿಲ್ಲ, ಬೀದಿಯೂ ಅದೇ. ಇದು ಹೇಗೆ?
– ಓದುಗರೊಬ್ಬರು, ತುಮಕೂರು

ಅಮ್ಮಾ, ಹಾಗಾದರೆ ನಿಮ್ಮ ಮಗಳ ಮನೆ ನಮ್ಮೂರಲ್ಲೋ ಅಕ್ಕಪಕ್ಕದಲ್ಲೋ ಇರಬೇಕು. ನಮಗೂ ಅದೇ ಆಗಿದೆ.

ಇದು ಪೂರ್ತಿ ಲೆಕ್ಕದ ವಿಷಯ. 2020ರಲ್ಲಿ ಇಲ್ಲಿ ಒಂದು ಕಾಯ್ದೆ ಬಂತು. ಇಂಗ್ಲೆಂಡ್ ಸೇರಿದಂತೆ ಇಡೀ ಯುನೈಟೆಡ್ ಕಿಂಗ್‌ಡಮ್ಮಿಗೆ ಒಟ್ಟು ಕ್ಷೇತ್ರ 650 ಇರಬೇಕು. ಯಾವ ಕ್ಷೇತ್ರದಲ್ಲೂ ಮತದಾರರು 69,724ಕ್ಕಿಂತ ಕಡಿಮೆ ಇರಬಾರದು, 77,062ಕ್ಕಿಂತ ಜಾಸ್ತಿಯೂ ಇರಬಾರದು. ಐದು ದ್ವೀಪ ಕ್ಷೇತ್ರಗಳಿಗೆ ಇದರಿಂದ ವಿನಾಯಿತಿ. ಎಣಿಸಿದ್ದು 2020ರ ಮಾರ್ಚ್ 2ರ ಮತದಾರರ ಪಟ್ಟಿಯನ್ನು.

ಸ್ವಿಂಡನ್ ಬೆಳೆಯುತ್ತಿರುವ ಊರು. ಉತ್ತರದ ಕಡೆ ಹೊಸ ಹೊಸ ಬಡಾವಣೆ ಎದ್ದು ಅಲ್ಲಿನ ಕ್ಷೇತ್ರದ ಮತದಾರರು 80 ಸಾವಿರ ದಾಟಿದ್ದರು. ಅಲ್ಲಿಂದ ಒಂದಿಷ್ಟು ಜನರನ್ನು ದಕ್ಷಿಣ ಕ್ಷೇತ್ರಕ್ಕೆ ಸೇರಿಸಿದರು. ಆಗ ದಕ್ಷಿಣದಲ್ಲಿ ಜಾಗ ಸಾಲದಾಯಿತು. ತುಂಬಿದ ಬಸ್ಸಿನಲ್ಲಿ ಹಿಂದಿನವರು ಒತ್ತಿದರೆ ಬಾಗಿಲ ಹತ್ತಿರ ನಿಂತವರು ಕೆಳಗಿಳಿಯಬೇಕಾಗುತ್ತೆ ಅಲ್ವಾ, ಹಾಗೆ. ಬಾಗಿಲಲ್ಲಿ ನಿಂತಿದ್ದವರು ನಾವು, ರೌಟನ್‌ನವರು. ಮಾರ್ಲ್‌ಬರೋ, ಪ್ಯೂಸಿ, ಟಿಡ್‌ವರ್ತ್ ಕಡೆಯ ಊರುಗಳ ಜೊತೆ ಸೇರಿಸಿ ಈಸ್ಟ್ ವಿಲ್ಟ್‌ಶೈರ್ ಎಂಬ ಕ್ಷೇತ್ರ ಮಾಡಿದರು.

2024ರ ಜುಲೈ 4ರಂದು ನಾನು ಮತಗಟ್ಟೆಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ರಾತ್ರಿ ಹತ್ತಕ್ಕೆ ಮುಚ್ಚುವುದು. ಪಟ್ಟಿಯ ಮೇಲೆ ಅಡ್ಡಪಟ್ಟಿ ಇಟ್ಟುಕೊಂಡು ಹೆಸರು ಹುಡುಕಿ ಗೆರೆ ಎಳೆಯುವುದು ನನ್ನ ಪಾಲಿನ ಕೆಲಸ. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಅಜ್ಜಿಯೊಬ್ಬರು ಬಂದರು. ಕೈಯಲ್ಲಿ ಮನೆಗೆ ಬಂದಿದ್ದ ಮತದಾರರ ಕಾರ್ಡು. ಕನ್ನಡಕ ಹಣೆಗೇರಿಸಿ, ಕಾರ್ಡನ್ನು ಕಣ್ಣ ಹತ್ತಿರ ಹಿಡಿದು, ಕ್ಷೇತ್ರದ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು: "ಇದರಲ್ಲಿ ಸ್ವಿಂಡನ್ ಎಲ್ಲಿದೆ?" ಅವರ ಯಜಮಾನರು ಸ್ವಿಂಡನ್ನಿನ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರಂತೆ. ಸಂತೆ, ಆಸ್ಪತ್ರೆ, ಬ್ಯಾಂಕು ಎಲ್ಲಕ್ಕೂ ಅವರು ಹತ್ತುವುದು ಸ್ವಿಂಡನ್ ಬಸ್ಸನ್ನೇ. ಕ್ಷೇತ್ರ ಬದಲಾಗಿದೆ, ನಿಮ್ಮ ವೋಟು ಇಲ್ಲೇ ಇದೆ ಎಂದು ಹೇಳಿದೆ. ಅಲ್ಲಿ ಕೂತಾಗ ಅದಕ್ಕಿಂತ ಹೆಚ್ಚು ಮಾತಾಡುವ ಹಾಗಿಲ್ಲ. ಅವರು ತಲೆಯಾಡಿಸಿ, ದಾರ ಕಟ್ಟಿದ ಪೆನ್ಸಿಲ್ ಇರುವ ಮೂಲೆಗೆ ಹೋದರು.

ಪ್ರಶ್ನೆ: ಮೊದಲು ನಾರ್ತ್ ಸ್ವಿಂಡನ್ ಇದ್ದದ್ದು ಈಗ ಸ್ವಿಂಡನ್ ನಾರ್ತ್ ಆಗಿದೆ. ಮುದ್ರಣದ ತಪ್ಪಾ?
– ಕಾಲೇಜು ವಿದ್ಯಾರ್ಥಿ, ಹಾಸನ

ತಪ್ಪಲ್ಲ, ಅದಕ್ಕೊಂದು ಪದ್ಧತಿ ಇದೆ. ಪಟ್ಟಣದ ಕ್ಷೇತ್ರವಾದರೆ ದಿಕ್ಕಿನ ಹೆಸರು ಕೊನೆಗೆ ಬರುತ್ತದೆ: ಸ್ವಿಂಡನ್ ನಾರ್ತ್, ಸ್ವಿಂಡನ್ ಸೌತ್. ಹಳ್ಳಿ, ಸಣ್ಣ ಪೇಟೆಗಳು ಸೇರಿದ ಕೌಂಟಿ ಕ್ಷೇತ್ರವಾದರೆ ದಿಕ್ಕು ಮೊದಲು: ಈಸ್ಟ್ ವಿಲ್ಟ್‌ಶೈರ್. ಇದು ಬರೀ ಹೆಸರಿನ ಮಾತಲ್ಲ. ಕೌಂಟಿ ಕ್ಷೇತ್ರದಲ್ಲಿ ಅಭ್ಯರ್ಥಿ ಸ್ವಲ್ಪ ಜಾಸ್ತಿ ಖರ್ಚು ಮಾಡಬಹುದು. ಊರಿಂದ ಊರಿಗೆ ಓಡಾಟ ಹೆಚ್ಚು ನೋಡಿ.

ಪ್ರಶ್ನೆ: ಅಲ್ಲಿ ಒಂದು ಖಾಲಿ ಗುಡ್ಡಕ್ಕೆ ಇಬ್ಬರು ಎಂಪಿಗಳಿದ್ದರು ಎಂದು ನಮ್ಮ ಮೇಷ್ಟ್ರು ಪಾಠ ಮಾಡುವಾಗ ಹೇಳುತ್ತಿದ್ದರು. ನಿಜವಾ?
– ನಿವೃತ್ತ ಶಿಕ್ಷಕರು, ಸಿರ್ಸಿ

ನಿಜ ಸರ್. ಆ ಗುಡ್ಡ ಇರುವುದು ನಮ್ಮ ಕೌಂಟಿಯಲ್ಲೇ. ಹೆಸರು ಓಲ್ಡ್ ಸೇರಂ. ಸಾಲ್ಸ್‌ಬರಿ ಪಟ್ಟಣದಿಂದ ಉತ್ತರಕ್ಕೆ ಮೂರು ಕಿಲೋಮೀಟರ್.

ಮಕ್ಕಳನ್ನು ಕರೆದುಕೊಂಡು ಎರಡು ಸಲ ಹೋಗಿದ್ದೇನೆ. ಸುತ್ತ ಆಳವಾದ ಹುಲ್ಲಿನ ಕಂದಕ, ನಡುವೆ ಕೋಟೆಯ ಮುರುಕು ಗೋಡೆ. ನೆಲದಲ್ಲಿ ಹಳೆಯ ಚರ್ಚಿನ ಪಾಯದ ಗುರುತು. ಮಾತು ಕೇಳಿಸದಷ್ಟು ಗಾಳಿ. ಒಂದು ಕಾಲದಲ್ಲಿ ಅದು ತುಂಬಿದ ಊರು. 1220ರಲ್ಲಿ ಕೆಳಗಿನ ಬಯಲಲ್ಲಿ ಹೊಸ ಕೆಥೆಡ್ರಲ್, ಅಂದರೆ ದೊಡ್ಡ ಚರ್ಚು, ಕಟ್ಟಲು ಶುರು ಮಾಡಿದರು. ಜನ ಒಬ್ಬೊಬ್ಬರಾಗಿ ಇಳಿದು ಹೋದರು. ಅದೇ ಇವತ್ತಿನ ಸಾಲ್ಸ್‌ಬರಿ. ಗುಡ್ಡ ಬರಿದಾಯಿತು. ಆದರೆ ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುವ ಹಕ್ಕು ಮಾತ್ರ ಗುಡ್ಡಕ್ಕೇ ಉಳಿಯಿತು!

ವೋಟಿನ ಹಕ್ಕು ಇದ್ದದ್ದು ನಿವೇಶನಕ್ಕೆ. ನಿವೇಶನ ಯಾರ ಕೈಯಲ್ಲಿದೆಯೋ ಅವರು ವೋಟು ಹಾಕುವವರು. ಹಾಗಾಗಿ ಗುಡ್ಡ ಕೊಂಡವನಿಗೆ ಎಂಪಿ ಸ್ಥಾನವೂ ಬಂತು. 1691ರಲ್ಲಿ ಹೀಗೆ ಕೊಂಡವನು ಥಾಮಸ್ ಪಿಟ್. ನಮ್ಮ ದೇಶಕ್ಕೆ ಬಂದು ವ್ಯಾಪಾರ ಮಾಡಿ ದುಡ್ಡು ಮಾಡಿದವನು. ಆಮೇಲೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಗೆ ಗವರ್ನರ್ ಆದ. ಅಲ್ಲಿದ್ದಾಗ ಅವನು ಒಂದು ದೊಡ್ಡ ವಜ್ರ ಕೊಂಡ. ಕೃಷ್ಣಾ ನದಿ ದಡದ ಕೊಲ್ಲೂರು ಗಣಿಯದು. ಕಡೆಗೆ ಅದನ್ನು ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಿದ. ಈಗಲೂ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನ ಸಂಗ್ರಹಕ್ಕೆ ಸೇರಿದೆ. ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಮೊದಲ ಸಲ ಪಾರ್ಲಿಮೆಂಟಿಗೆ ಹೋದದ್ದು ಇದೇ ಖಾಲಿ ಗುಡ್ಡದಿಂದ. ಮುಂದೆ ಪ್ರಧಾನಿಯೂ ಆದರು. ನಮ್ಮ ನೆಲದಲ್ಲಿ ಗಳಿಸಿದ ದುಡ್ಡು ಎಲ್ಲೆಲ್ಲಿಗೆ ದಾರಿ ಮಾಡಿಕೊಟ್ಟಿತು ನೋಡಿ. ಆ ಗಾಳಿಯಲ್ಲಿ ನಿಂತಾಗ ನನಗೆ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಯಿತು.

1831ರಲ್ಲಿ ಓಲ್ಡ್ ಸೇರಂಗೆ ಇದ್ದ ಮತದಾರರು 11 ಜನ. ಒಬ್ಬರೂ ಅಲ್ಲಿ ವಾಸವಿರಲಿಲ್ಲ. ಅದೇ ಹೊತ್ತಿಗೆ ಮ್ಯಾಂಚೆಸ್ಟರಿನಲ್ಲಿ ಲಕ್ಷ ದಾಟಿದ ಜನ, ತಮ್ಮದೇ ಎಂದು ಒಬ್ಬ ಎಂಪಿಯೂ ಇಲ್ಲ. ಇಡೀ ವಿಲ್ಟ್‌ಶೈರಿಗೆ ಆಗ 34 ಎಂಪಿಗಳು. 16 ಪೇಟೆಗಳಿಗೆ ತಲಾ ಇಬ್ಬರು, ಕೌಂಟಿಗೆ ಇಬ್ಬರು. 1832ರ ಸುಧಾರಣಾ ಕಾಯ್ದೆ ಬಂದು ಓಲ್ಡ್ ಸೇರಂ, ಹಿಂಡನ್, ಡೌನ್‌ಟನ್, ಲಡ್ಗರ್‌ಶಾಲ್, ಗ್ರೇಟ್ ಬೆಡ್ವಿನ್‌ನಂಥ ಏಳು ಪೇಟೆಗಳ ಕ್ಷೇತ್ರ ಅಳಿಸಿ ಹಾಕಿತು. ಈಗ ಲಡ್ಗರ್‌ಶಾಲ್, ಗ್ರೇಟ್ ಬೆಡ್ವಿನ್, ಮಾರ್ಲ್‌ಬರೋ ಮೂರೂ ನಮ್ಮ ಈಸ್ಟ್ ವಿಲ್ಟ್‌ಶೈರಿನಲ್ಲಿವೆ. ಆಗ ಆರು ಜನರನ್ನು ಕಳಿಸುತ್ತಿದ್ದ ಮೂರು ಊರು ಇವತ್ತು ನಮ್ಮ ಜೊತೆ ಒಬ್ಬರನ್ನು ಹಂಚಿಕೊಂಡಿವೆ.

ಸ್ವಿಂಡನ್ ಕಥೆ ಇದಕ್ಕೆ ಉಲ್ಟಾ. 1843ರಲ್ಲಿ ರೈಲ್ವೆ ಕಾರ್ಖಾನೆ ಶುರುವಾಗಿ ಊರು ದೊಡ್ಡದಾಯಿತು. ಆದರೂ ಅದರ ಹೆಸರಿನ ಕ್ಷೇತ್ರ ಬಂದದ್ದು 1918ರಲ್ಲಿ. ಅಲ್ಲಿಯವರೆಗೆ ಕ್ರಿಕ್‌ಲೇಡ್ ಎಂಬ ಸಣ್ಣ ಪೇಟೆಯ ಹೆಸರಿನಡಿ ಇತ್ತು. 1997ರಲ್ಲಿ ಒಂದು ಎರಡಾಯಿತು.

ಇದೆಲ್ಲ ತಿಳಿದ ಮೇಲೆ ತಲೆ ಎಣಿಸಿ ಗಡಿ ಹಾಕುವುದು ತಪ್ಪು ಎಂದು ನನ್ನ ಬಾಯಲ್ಲಿ ಬರುವುದಿಲ್ಲ. ನಮ್ಮೂರು ಸ್ವಿಂಡನ್ನಿನಿಂದ ಬೇರೆಯಾದದ್ದಕ್ಕೆ ಬೇಜಾರಿದೆ. ಆದರೆ ನನ್ನ ವೋಟಿಗೂ ಇನ್ನೊಬ್ಬರ ವೋಟಿಗೂ ಒಂದೇ ತೂಕ ಇರಬೇಕು.

ಪ್ರಶ್ನೆ: ಗೆರೆ ಎಳೆಯೋದು ಯಾರು? ಅಧಿಕಾರದಲ್ಲಿ ಇರೋರು ತಮಗೆ ಬೇಕಾದ ಹಾಗೆ ಎಳೆಸಿಕೊಳ್ಳಲ್ವಾ?
– ವಕೀಲರು, ಬಳ್ಳಾರಿ

ಇಂಗ್ಲೆಂಡಿಗೆ ಒಂದು ಗಡಿ ಆಯೋಗ ಇದೆ. ಹೆಸರಿಗೆ ಅಧ್ಯಕ್ಷರು ಸ್ಪೀಕರ್, ಆದರೆ ಅವರು ಕೆಲಸದಲ್ಲಿ ಕೈ ಹಾಕುವುದಿಲ್ಲ. ನಡೆಸುವವರು ಹೈಕೋರ್ಟಿನ ನ್ಯಾಯಾಧೀಶರು. ಯಾವ ವಾರ್ಡು ಯಾವ ಪಕ್ಷಕ್ಕೆ ವೋಟು ಹಾಕುತ್ತದೆ ಎಂದು ಆಯೋಗ ನೋಡುವ ಹಾಗಿಲ್ಲ.

2021ರ ಜೂನ್‌ನಲ್ಲಿ ಮೊದಲ ಕರಡು ಬಂತು. ಎಂಟು ವಾರ ಜನ ಅಭಿಪ್ರಾಯ ಬರೆದರು. 2022ರ ಶುರುವಿನಲ್ಲಿ ಊರೂರಲ್ಲಿ ಸಭೆ ನಡೆಸಿ ಎದುರಿಗೆ ಕೂರಿಸಿಕೊಂಡು ಕೇಳಿದರು. ಆ ನವೆಂಬರಿನಲ್ಲಿ ತಿದ್ದಿದ ನಕ್ಷೆ ಬಂತು. ಮತ್ತೆ ಅಭಿಪ್ರಾಯ. 2023ರ ಜೂನ್ 27ಕ್ಕೆ ಕೊನೆಯ ವರದಿ. ಜನ ಬರೆದದ್ದೆಲ್ಲ ಎಲ್ಲರೂ ಓದುವ ಹಾಗೆ ಹಾಕಿದ್ದರು. ನಾನು ರಾತ್ರಿ ಅಡುಗೆಮನೆ ಮೇಜಿನ ಮುಂದೆ ಕೂತು ಎಷ್ಟೋ ಪತ್ರ ಓದಿದೆ. ಮಕ್ಕಳ ಶಾಲೆ ಯಾವ ಕಡೆ, ಬಸ್ಸು ಯಾವ ಕಡೆ, ನಡುವೆ ಬೆಟ್ಟ ಇದೆಯೋ ಇಲ್ಲವೋ, ಇಂಥವೇ ಮಾತು. ರೌಟನ್ ಸ್ವಿಂಡನ್ ಜೊತೆಗೇ ಇರಲಿ ಎಂದು ನಾನೂ ಒಂದು ಪುಟ ಬರೆದೆ. ನಡೆಯಲಿಲ್ಲ. ಊರಿನ ಒಡನಾಟವನ್ನೂ ನೋಡಬಹುದು ಎಂದು ಕಾನೂನು ಹೇಳುತ್ತದೆ, ಆದರೆ ಸಂಖ್ಯೆಯ ಮಿತಿಯೊಳಗೆ ಮಾತ್ರ. ಬೇರೆ ಎಷ್ಟೋ ಕಡೆ ಜನರ ಪತ್ರದಿಂದಲೇ ಗಡಿ ಬದಲಾಗಿದೆ, ಹೆಸರು ಬದಲಾಗಿದೆ. ಅದಕ್ಕೇ ಬರೆಯಬೇಕು.

ಇನ್ನೊಂದು ಮುಖ್ಯ ಬದಲಾವಣೆ. ಮೊದಲು ವರದಿ ಜಾರಿಯಾಗಬೇಕಾದರೆ ಪಾರ್ಲಿಮೆಂಟ್ ಒಪ್ಪಬೇಕಿತ್ತು. ಕ್ಷೇತ್ರಗಳನ್ನು 600ಕ್ಕೆ ಇಳಿಸುವ ಪ್ರಯತ್ನ ಎರಡು ಸಲ ಹಾಗೇ ಬಿದ್ದುಹೋಯಿತು. ಈಗ ಎಂಪಿಗಳ ವೋಟು ಬೇಕಿಲ್ಲ, ವರದಿ ತಾನಾಗಿಯೇ ಜಾರಿ. ತಮ್ಮ ಸೀಟಿನ ಗಡಿಯನ್ನು ತಾವೇ ತೀರ್ಮಾನಿಸುವುದು ತಪ್ಪಿತಲ್ಲ, ಅದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಒಂದು ಕ್ಷೇತ್ರ ಎರಡು ಕೌಂಟಿಗೆ ಸೇರಬಹುದಾ?
– ಓದುಗರೊಬ್ಬರು, ಮಡಿಕೇರಿ

ಸೇರಬಹುದು. ಸೌತ್ ಕಾಟ್ಸ್‌ವೋಲ್ಡ್ಸ್ ಹಾಗೆಯೇ ಆದದ್ದು. ನಮ್ಮ ಮಾಮ್ಸ್‌ಬರಿ ಕಡೆಯ ಊರುಗಳನ್ನು ಪಕ್ಕದ ಗ್ಲಾಸ್ಟರ್‌ಶೈರಿನ ಸೈರೆನ್‌ಸೆಸ್ಟರ್ ಜೊತೆ ಸೇರಿಸಿದರು. ಅಲ್ಲಿ ಗೆದ್ದವರು ರಾಝ್ ಸ್ಯಾವೇಜ್. ಅಟ್ಲಾಂಟಿಕ್, ಪೆಸಿಫಿಕ್, ಹಿಂದೂ ಮಹಾಸಾಗರ ಮೂರನ್ನೂ ಒಬ್ಬರೇ ಹುಟ್ಟು ಹಾಕಿ ದಾಟಿದ ಮೊದಲ ಹೆಂಗಸು ಅವರು. ಇದನ್ನೂ ಸೇರಿಸಿದರೆ ಈಗ ವಿಲ್ಟ್‌ಶೈರನ್ನು ಮುಟ್ಟುವ ಕ್ಷೇತ್ರ ಎಂಟು.

ಪ್ರಶ್ನೆ: ನನ್ನ ಮಗ ಅಲ್ಲಿ ಓದಲು ಹೋಗಿ ಒಂದು ವರ್ಷ ಆಯಿತು. ಭಾರತದ ಪಾಸ್‌ಪೋರ್ಟ್. ಈ ಕ್ಷೇತ್ರ, ಗಡಿ ಎಲ್ಲ ಅವನಿಗೆ ಸಂಬಂಧ ಇಲ್ಲ ಅಲ್ವಾ?
– ಅಂಚೆ ನೌಕರರು, ದಾವಣಗೆರೆ

ಸಂಬಂಧ ಇದೆ ಸರ್, ತುಂಬಾ ಇದೆ! ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿರಲು ಸರಿಯಾದ ವೀಸಾ ಇದ್ದು 18 ತುಂಬಿದ್ದರೆ, ಭಾರತದ ಪ್ರಜೆಯಾಗಿದ್ದುಕೊಂಡೇ ಪಾರ್ಲಿಮೆಂಟ್ ಚುನಾವಣೆಗೆ ವೋಟು ಹಾಕಬಹುದು. ಓದಲು ಬಂದವರಿಗೂ ಈ ಹಕ್ಕಿದೆ. ಎಷ್ಟೋ ನಮ್ಮ ಹುಡುಗರಿಗೆ ಇದು ಗೊತ್ತೇ ಇಲ್ಲ. ಬಂದ ಮೊದಲ ಮೂರು ವರ್ಷ ನನಗೂ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಕ್ಷೇತ್ರ ವಿಂಗಡಣೆಗೆ ಜನಗಣತಿಯ ತಲೆ ಎಣಿಸುತ್ತಾರೆ. ಇಲ್ಲಿ ಎಣಿಸುವುದು ಮತದಾರರ ಪಟ್ಟಿಯಲ್ಲಿರುವ ಹೆಸರನ್ನು. ಪಟ್ಟಿಯಲ್ಲಿ ಇಲ್ಲದವರು ಗಡಿ ಹಾಕುವಾಗ ಲೆಕ್ಕಕ್ಕೇ ಬರುವುದಿಲ್ಲ. ಸ್ವಿಂಡನ್ನಿನಲ್ಲಿ ಗೋವಾದವರು ತುಂಬ ಇದ್ದಾರೆ, ನಮ್ಮವರೂ ಇದ್ದಾರೆ. ಒಂದು ಬೀದಿಯಲ್ಲಿ ನೂರು ಜನ ಇದ್ದು ಹೆಸರು ಬರೆಸಿದವರು ನಲವತ್ತೇ ಆದರೆ, ಆಯೋಗದ ಕಣ್ಣಿಗೆ ಆ ಬೀದಿ ನಲವತ್ತು ಜನರದ್ದು. ಮುಂದಿನ ವರದಿ 2031ರ ಅಕ್ಟೋಬರ್ 1ರೊಳಗೆ ಬರಬೇಕು. ಅದಕ್ಕೆ ಮೊದಲೇ ಹೆಸರು ಸೇರಿರಬೇಕು.

ಆನ್‌ಲೈನಲ್ಲೇ ಅರ್ಜಿ ಹಾಕಬಹುದು, ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ (ಇಲ್ಲಿ ಕೆಲಸ, ತೆರಿಗೆಗೆ ಬಳಸುವ ಸಂಖ್ಯೆ) ಕೇಳುತ್ತಾರೆ. ಅದಿಲ್ಲದಿದ್ದರೂ ಅರ್ಜಿ ಹಾಕಬಹುದು, ಬೇರೆ ದಾಖಲೆ ಕೇಳಬಹುದು. ಮತಗಟ್ಟೆಗೆ ಹೋಗುವಾಗ ಫೋಟೋ ಇರುವ ಗುರುತಿನ ದಾಖಲೆ ಬೇಕು, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಹೊಸ ವಿಳಾಸಕ್ಕೆ ಮತ್ತೆ ಹೆಸರು ಬರೆಸಬೇಕು, ಇದನ್ನು ಹುಡುಗರು ಮರೆತುಬಿಡುತ್ತಾರೆ. ಈ ಭಾನುವಾರ ಮಗ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ.