ಗೋಲ್ ತಪ್ಪಿದರೂ ಲಾಕೆಟ್ ಗೆಲ್ಲಿಸಿದ್ದು ಹೇಗೆ?

ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಸಿಡ್ನಿ ತಂಡದ ಆಟಗಾರ ಟೋನಿ ಲಾಕೆಟ್ ಒದ್ದ ಚೆಂಡು ಗೋಲ್ ಆಗಲೇ ಇಲ್ಲ, ಆದರೂ ಸಿಡ್ನಿ ಗೆದ್ದಿದ್ದು ಹೇಗೆ ಅಂತ ಕೇಳಿದ್ದೀರಿ. ಉತ್ತರ ಗೋಲ್ ಕಂಬಗಳಲ್ಲೇ ಇದೆ. ಈ ಆಟದಲ್ಲಿ ಮೈದಾನದ ಪ್ರತಿ ತುದಿಗೂ ನಾಲ್ಕು ಕಂಬ. ನಡುವಿನ ಎತ್ತರದ ಎರಡರ ಮಧ್ಯೆ ಚೆಂಡು ಹೋದರೆ ಗೋಲ್, 6 ಪಾಯಿಂಟ್. ಎತ್ತರದ ಕಂಬಕ್ಕೂ ಪಕ್ಕದ ಗಿಡ್ಡ ಕಂಬಕ್ಕೂ ಮಧ್ಯೆ ಹೋದರೆ 1.

1996ರ ಪ್ರಿಲಿಮಿನರಿ ಫೈನಲ್ (ಫೈನಲ್‌ಗೆ ಮುಂಚಿನ ಪಂದ್ಯ), ಎದುರಿಗೆ ಎಸೆಂಡನ್ ತಂಡ. ಸ್ಕೋರ್ ಸಮ. ಚೆಂಡು ಲಾಕೆಟ್ ಕೈಯಲ್ಲಿರುವಾಗಲೇ ಆಟ ಮುಗಿಯುವ ಸೈರನ್ ಕೂಗಿತು. ಸೈರನ್‌ಗೆ ಮೊದಲೇ ಕ್ಯಾಚ್ ಹಿಡಿದಿದ್ದರೆ ಆಮೇಲೂ ಒದೆಯಬಹುದು, ನಿಯಮ ಹಾಗಿದೆ. ತೊಡೆಸಂದಿನ ನೋವಿನಲ್ಲೇ ದೂರದಿಂದ ಒದ್ದರು. ಸಿಕ್ಕಿದ್ದು ಒಂದೇ ಪಾಯಿಂಟ್, ಅಷ್ಟೇ ಸಾಕಾಯ್ತು! ಫೈನಲ್‌ನಲ್ಲಿ ಮಾತ್ರ ನಾರ್ತ್ ಮೆಲ್ಬರ್ನ್ ಗೆದ್ದಿತು.

ಇನ್ನು, ಲಾಕೆಟ್ ಮೂಲತಃ ಸಿಡ್ನಿಯವರಲ್ಲ. ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಬ್ಯಾಲರಾಟ್‌ನವರು, ಹಳೇ ಚಿನ್ನದ ಗಣಿ ಊರು. ಸಿಡ್ನಿಗೂ ಮೊದಲು, 1983ರಲ್ಲಿ ಸೇಂಟ್ ಕಿಲ್ಡಾ ತಂಡ ಸೇರಿದಾಗ ವಯಸ್ಸು 17. 1987ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನು ಇನ್ನೊಬ್ಬ ಆಟಗಾರ ಜಾನ್ ಪ್ಲ್ಯಾಟನ್ ಜೊತೆ ಹಂಚಿಕೊಂಡರು. ಗೋಲ್ ಹತ್ತಿರವೇ ನಿಂತು ಆಡುವವರಿಗೆ ಈ ಪದಕ ಸಿಗೋದು ತೀರಾ ಅಪರೂಪ. ನನಗೆ ಅವರ ಅತಿ ಹೆಚ್ಚು ಗೋಲ್‌ಗಳ ದಾಖಲೆಗಿಂತ ಇದೇ ದೊಡ್ಡದು ಅನ್ಸುತ್ತೆ.

ದಾಖಲೆಯೂ ಸಣ್ಣದಲ್ಲ ಬಿಡಿ. ಹಿಂದಿನ ದಾಖಲೆ, ಅಂದರೆ ಗಾರ್ಡನ್ ಕೊವೆಂಟ್ರಿಯ 1,299 ಗೋಲ್‌ಗಳನ್ನು 1999ರಲ್ಲಿ ದಾಟಿದಾಗ ಜನ ಮೈದಾನಕ್ಕೇ ನುಗ್ಗಿದರು. ಕೊನೆಗೆ 281 ಪಂದ್ಯ, 1,360 ಗೋಲ್. 1996ರ ಆ ಕಿಕ್ ಇದರಲ್ಲಿ ಲೆಕ್ಕಕ್ಕೇ ಇಲ್ಲ!