ಕ್ಯಾನ್ವಾಸ್ ಮೇಲೆ ಬಣ್ಣ ಸುರಿದು ಚಿತ್ರ ಮಾಡ್ತಿದ್ದ ಅಮೆರಿಕದ ಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್‌ಗೆ ಜಪಾನಿ ವುಡ್‌ಬ್ಲಾಕ್ ಪ್ರಿಂಟ್ (ಮರದ ಹಲಗೆ ಕೆತ್ತಿ ಅಚ್ಚು ಹಾಕೋ ಕಲೆ) ಹೇಗೆ ಒಗ್ಗಿತು?

ನನ್ ಪ್ರಕಾರ ಒಗ್ಗಿದ್ದೇ ನೀರಿನ ಬಣ್ಣದಿಂದ. ಜಪಾನಿ ಪದ್ಧತೀಲಿ ನೀರಲ್ಲಿ ಕಲಸಿದ ಬಣ್ಣಾನ ಬ್ರಷ್‌ನಲ್ಲಿ ಕೆತ್ತಿದ ಹಲಗೆಗೆ ಹಚ್ಚಿ, ತೇವ ಮಾಡಿದ ಪೇಪರ್ ಹಾಸಿ, ಬಾರೆನ್ ಅನ್ನೋ ದುಂಡನೆ ಪ್ಯಾಡ್‌ನಿಂದ ಪೇಪರ್‌ನ ಬೆನ್ನ ಮೇಲೆ ಉಜ್ತಾರೆ, ಬಣ್ಣ ಪೇಪರ್ ಒಳಕ್ಕೇ ಇಳಿಯುತ್ತೆ, ಹೆಲೆನ್ ಅವರ ಕ್ಯಾನ್ವಾಸಲ್ಲೂ ಆಗ್ತಿದ್ದಿದ್ದು ಅದೇ ತಾನೆ! 1983ರಲ್ಲಿ ಕ್ಯೋಟೋದ ಪ್ರಿಂಟರ್ ತದಾಶಿ ತೋದಾ ಜೊತೆ ‘ಸೀಡರ್ ಹಿಲ್’ ಅನ್ನೋ ಪ್ರಿಂಟ್ ಮಾಡಿದ್ರು. ಕೆತ್ತೋರು, ಅಚ್ಚು ಹಾಕೋರು ಬೇರೆಯವರು, ಜಪಾನಲ್ಲಿ ಹಿಂದಿನಿಂದ್ಲೂ ಹಾಗೇನೇ. ಆಮೇಲೆ 2000ದ ‘ಮೇಡಮ್ ಬಟರ್‌ಫ್ಲೈ’ ನೋಡಿ, ಇವರು ಮೊದ್ಲು ಮರದ ಮೇಲೇ ಪೇಂಟ್ ಮಾಡಿ ಕೊಟ್ರು, ಅದನ್ನ ಪ್ರಿಂಟರ್ ಕೆನೆತ್ ಟೈಲರ್, ಯಾಸುಯುಕಿ ಶಿಬಾತಾ ಟೀಮು 46 ಹಲಗೆ, 102 ಬಣ್ಣದಲ್ಲಿ ಪ್ರಿಂಟಿಗೆ ತಂದ್ರು. ಮರದ ಗೆರೆಗಳೂ ಎದ್ದು ಕಾಣ್ತವೆ, ನಂಗಂತೂ ಬಣ್ಣಕ್ಕಿಂತ ಅದೇ ಇಷ್ಟ.